ನವೋದಯ ಪ್ರವೇಶ: ಮಗು ಜಾಣನಾದರೂ ಸೀಟು ಕೈತಪ್ಪುವುದೇಕೆ?

ಜವಾಹರ ನವೋದಯ ವಿದ್ಯಾಲಯಗಳ 6ನೇ ತರಗತಿ ಆಯ್ಕೆ ಪಟ್ಟಿ ಹೊರಬಿದ್ದಾಗ ಪೋಷಕರಿಂದ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ: ನಮ್ಮ ಮಗುವಿಗಿಂತ ಕಡಿಮೆ ಅಂಕ ಪಡೆದವರಿಗೆ ಸೀಟು ಸಿಕ್ಕಿದೆ. ಅದು ನಿಜವೂ ಇರಬಹುದು. ಇಲ್ಲಿ ಅಂಕವೊಂದೇ ಮಾನದಂಡವಲ್ಲ.

ಗ್ರಾಮೀಣ ಪ್ರತಿಭೆಗಳಿಗೆ ಒಳ್ಳೆಯ ಶಾಲೆ ಸಿಗಬೇಕು ಎಂಬ ಉದ್ದೇಶದಿಂದ ಶುರುವಾದ ಯೋಜನೆ ಇದು. ಮೊದಲ ಎರಡು ಶಾಲೆಗಳು 1985-86ರಲ್ಲಿ ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ ಆರಂಭವಾದವು. ಈಗ 650ಕ್ಕೂ ಹೆಚ್ಚು ಶಾಲೆಗಳಿವೆ. ಊಟ, ವಸತಿ, ಪುಸ್ತಕ ಎಲ್ಲವೂ ಉಚಿತ. ಒಂದು ಶಾಲೆಗೆ ಗರಿಷ್ಠ 80 ಸೀಟು. ಆದರೆ ಅರ್ಜಿ ಹಾಕುವವರು ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು.

ಶೇ 75ರಷ್ಟು ಸೀಟು ಗ್ರಾಮೀಣ ಮಕ್ಕಳಿಗೆ ಮೀಸಲು. ಹೆಚ್ಚಿನ ಪೋಷಕರು ಎಡವುವುದು ಇಲ್ಲೇ. ಮನೆ ಹಳ್ಳಿಯಲ್ಲಿದ್ದರೆ ಸಾಲದು, ಮಗು 3, 4 ಮತ್ತು 5ನೇ ತರಗತಿಯನ್ನು ಪೂರ್ತಿಯಾಗಿ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು. ಈ ಮೂರು ವರ್ಷಗಳಲ್ಲಿ ಒಂದೇ ಒಂದು ದಿನ ನಗರ ಪ್ರದೇಶದ ಶಾಲೆಯಲ್ಲಿ ಓದಿದ್ದರೂ 'ನಗರದ ಅಭ್ಯರ್ಥಿ' ಎಂದೇ ಲೆಕ್ಕ. ಜನಗಣತಿ ಅಥವಾ ಸರ್ಕಾರದ ಅಧಿಸೂಚನೆಯಲ್ಲಿ ನಗರವೆಂದು ಗುರುತಿಸಿದ ಜಾಗವೆಲ್ಲ ನಗರವೇ. ಹೊಲದ ಪಕ್ಕದಲ್ಲೇ ಶಾಲೆಯಿದ್ದರೂ ಊರು ಪಟ್ಟಣ ಪಂಚಾಯಿತಿ ಆಗಿದ್ದರೆ ಗ್ರಾಮೀಣ ಮೀಸಲು ಸಿಗದು. ಚೆನ್ನಾಗಿ ಓದಲಿ ಎಂದು ಸಾಲ ಮಾಡಿ ಮಗುವನ್ನು ತಾಲ್ಲೂಕು ಕೇಂದ್ರದ ಖಾಸಗಿ ಶಾಲೆಗೆ ಸೇರಿಸಿದ ರೈತ, ಅದೇ ಕಾರಣಕ್ಕೆ ಈ ಅವಕಾಶ ಕಳೆದುಕೊಳ್ಳುತ್ತಾನೆ. ಉಳಿದ ಶೇ 25ರಷ್ಟು ಸೀಟುಗಳಿಗೆ ನಗರ, ಗ್ರಾಮೀಣ ಇಬ್ಬರೂ ಪೈಪೋಟಿ ನಡೆಸುತ್ತಾರೆ.

ಊರು ಬಿಟ್ಟು ದುಡಿಯುವ ಕನ್ನಡಿಗರಿಗೆ ಇನ್ನೊಂದು ನಿಯಮ ಮುಖ್ಯ. ವಾಸವಿರುವ ಜಿಲ್ಲೆಯಲ್ಲೇ 5ನೇ ತರಗತಿ ಓದುತ್ತಿರಬೇಕು, ಆ ಜಿಲ್ಲೆಯ ನವೋದಯಕ್ಕೇ ಅರ್ಜಿ ಹಾಕಬೇಕು. ಪುಣೆಯಲ್ಲಿ ಓದುತ್ತಿರುವ ಮಗುವಿಗೆ ಕಲಬುರಗಿಯ ಸೀಟು ಕೇಳುವಂತಿಲ್ಲ. ಚೆನ್ನೈನಲ್ಲಿದ್ದರೆ ಅರ್ಜಿ ಹಾಕಲು ಶಾಲೆಯೇ ಇಲ್ಲ. ತ್ರಿಭಾಷಾ ಸೂತ್ರವನ್ನು ವಿರೋಧಿಸುವ ತಮಿಳುನಾಡಿನಲ್ಲಿ ಒಂದೂ ನವೋದಯ ತೆರೆದಿಲ್ಲ. ತೆರೆಯಲು ಅನುಕೂಲ ಮಾಡಿಕೊಡುವಂತೆ 2017ರಲ್ಲಿ ಮದ್ರಾಸ್ ಹೈಕೋರ್ಟ್‌ನ ಮದುರೈ ಪೀಠ ಆದೇಶಿಸಿತ್ತು. ಅದೇ ವರ್ಷ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು.

ಪರೀಕ್ಷೆ ಎರಡು ಗಂಟೆಯದು. 80 ಪ್ರಶ್ನೆ, 100 ಅಂಕ. ಅರ್ಧದಷ್ಟು ಮಾನಸಿಕ ಸಾಮರ್ಥ್ಯದ ಪ್ರಶ್ನೆಗಳು, ಉಳಿದದ್ದು ಅಂಕಗಣಿತ ಮತ್ತು ಭಾಷೆ. ಕರ್ನಾಟಕದಲ್ಲಿ ಕನ್ನಡದಲ್ಲೇ ಬರೆಯಬಹುದು. ಆಕೃತಿ ನೋಡಿ ಉತ್ತರಿಸುವ ಪ್ರಶ್ನೆಗಳಿಗೆ ಪಾಠದ ಹಂಗಿಲ್ಲ, ಹಾಗಾಗಿ ಬಡ ಮಕ್ಕಳಿಗೆ ಅನುಕೂಲ ಎಂಬುದು ಲೆಕ್ಕಾಚಾರ. ಆದರೆ ಅಂಥ ಪ್ರಶ್ನೆಗಳನ್ನೇ ಉರು ಹೊಡೆಸುವ ಕೋಚಿಂಗ್ ಕೇಂದ್ರಗಳು ಊರೂರಲ್ಲಿ ಹುಟ್ಟಿಕೊಂಡಿವೆ. ಶುಲ್ಕ ಕಟ್ಟಲಾಗದವರ ಮಕ್ಕಳು ಮತ್ತೆ ಹಿಂದೆ. ಪೋಷಕರ ಸಿಟ್ಟಿಗೆ ನ್ಯಾಯವಾದ ಕಾರಣ ಯಾವುದಾದರೂ ಇದ್ದರೆ ಅದು ಇದೇ, ಮೀಸಲಾತಿಯಲ್ಲ.

6ನೇ ತರಗತಿಯ ಪರೀಕ್ಷೆಯನ್ನು ಎರಡನೇ ಬಾರಿ ಬರೆಯುವಂತಿಲ್ಲ. ಮರುಮೌಲ್ಯಮಾಪನವೂ ಇಲ್ಲ. ಖಾಲಿ ಉಳಿದ ಸೀಟುಗಳಿಗೆ 9 ಮತ್ತು 11ನೇ ತರಗತಿಯಲ್ಲಿ ಪ್ರತ್ಯೇಕ ಪ್ರವೇಶ ಪರೀಕ್ಷೆ ನಡೆಯುತ್ತದೆ, ಸೀಟುಗಳು ಮಾತ್ರ ಬೆರಳೆಣಿಕೆಯಷ್ಟು. ನವೋದಯದ ಆಸೆಯಿರುವ ಪೋಷಕರು ಮಗುವನ್ನು 3ನೇ ತರಗತಿಗೆ ಸೇರಿಸುವ ಮೊದಲೇ ಆ ಶಾಲೆ ದಾಖಲೆಯಲ್ಲಿ ಗ್ರಾಮೀಣವೋ ನಗರವೋ ಎಂದು ಮುಖ್ಯ ಶಿಕ್ಷಕರಲ್ಲಿ ವಿಚಾರಿಸಿಕೊಳ್ಳಬೇಕು.