ಜೀಪೋ ಜಿಪ್ಸಿಯೋ? ಒಂದು ರಾಡಿ ಹಾದಿಯ ಇತಿಹಾಸ

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಆಫೀಸಲ್ಲಿ ರಿಲೀಸು, ಮನೆಯಲ್ಲಿ ರಗಳೆ. ಕೆಲಸದ ರಗಳೆ ಓದಿ ನಿಮಗೇನಾಗಬೇಕು? ಮನೆಯ ರಗಳೆಯನ್ನೇ ಹೇಳ್ತೀನಿ, ಅದರಲ್ಲಿ ಸ್ವಲ್ಪ ಇತಿಹಾಸ ಇದೆ.

ಅಮೆರಿಕದಲ್ಲಿರೋ ನಮ್ಮ ಟೀಮಿನ ಗೆಳೆಯನೊಬ್ಬ ಕಾಡುಹಾದಿಯಲ್ಲಿ ಓಡಿಸೋಕೆ ಎಟಿವಿ ತಗೋಬೇಕು ಅಂತ ಹೊರಟಿದ್ದ. ಎಟಿವಿ ಅಂದ್ರೆ ಬೈಕಿನ ಹಾಗೆ ಕಾಲು ಹಾಕಿ ಕೂತು ಓಡಿಸೋ ನಾಲ್ಕು ಗಾಲಿಯ ಗಾಡಿ. ನಾಲ್ಕೂ ಗಾಲಿಗೆ ಶಕ್ತಿ ಹೋಗೋ ಎರಡು ಮಾಡೆಲ್‌ಗಳಲ್ಲಿ ಯಾವುದು ಅಂತ ತಲೆ ಕೆಡಿಸಿಕೊಂಡು ದಿನಾ ನನ್ನ ತಲೆಯನ್ನೂ ತಿಂತಿದ್ದ. ಅದೇ ಹೊತ್ತಿಗೆ ಕಲಬುರಗಿಯಿಂದ ಅಪ್ಪನ ಫೋನು: "ಕಾಕಾನ ಜೀಪ್ ಮಾರೋ ಮಾತು ನಡದದ. ಬದಲಿಗೆ ಒಂದು ಹಳೀ ಜಿಪ್ಸಿ ನೋಡ್ಯಾರ. ನೀ ಇಂಜಿನಿಯರ್ ಅಲ್ಲೇನು, ಯಾವುದು ಛಲೋ ಹೇಳು."

ನಾನು ಬರೆಯೋದು ಸಾಫ್ಟ್‌ವೇರು. ಆದ್ರೆ ಊರಲ್ಲಿ ಇಂಜಿನಿಯರ್ ಅಂದ್ರೆ ಇಂಜಿನಿಯರ್, ಅಷ್ಟೇ :-)

ನಮ್ಮ ಮನೆ ಇರೋದು ಕಲಬುರಗಿಯ ಸೇಡಂ ರಸ್ತೆಯಲ್ಲಿ. ಹೊಲ ಇರೋದು ಕಮಲಾಪುರದ ಕಡೆ. ಕಮಲಾಪುರ ಅಂದ್ರೆ ಕೆಂಬಾಳೆ ಅಂತ ಎಲ್ಲರಿಗೂ ಗೊತ್ತು. ನಮ್ಮದು ಮಾತ್ರ ಅಪ್ಪಟ ಎರಿ ಹೊಲ, ತೊಗರಿ ಬೆಳೆಯೋ ಕರಿ ಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಬೀಳೋ ಹಾಗೆ ಬಿರುಕು ಬಿಡುತ್ತೆ, ಮಳೆ ಬಂದ್ರೆ ನೀರು ಕುಡಿದು ಉಬ್ಬಿ ಅಂಟಾಗುತ್ತೆ. ಚಪ್ಪಲಿ ಹಾಕಿಕೊಂಡು ಹತ್ತು ಹೆಜ್ಜೆ ನಡೆದ್ರೆ ಒಂದೊಂದು ಕಾಲಿಗೆ ಎರಡೆರಡು ಕೆ.ಜಿ. ಮಣ್ಣು. ಟೈರಿನದೂ ಅದೇ ಪಾಡು. ಟೈರಿನ ಗೆರೆಗಳೆಲ್ಲ ತುಂಬಿ ನುಣ್ಣಗಾದ ಮೇಲೆ ಗಾಲಿ ಅಲ್ಲೇ ತಿರುಗುತ್ತೆ, ಗಾಡಿ ಮಾತ್ರ ಮುಂದೆ ಹೋಗಲ್ಲ.

ಕಾಕಾನ ಜೀಪು 1992ರ ಮಹೀಂದ್ರ ಎಂಎಂ 540. ಅದಕ್ಕೂ ನಮ್ಮ ಮನೆಗೂ ಒಂದು ಋಣ ಇದೆ. 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕವೆಲ್ಲ ನೀರಲ್ಲಿ ಮುಳುಗಿತ್ತಲ್ಲ, ಆಗ ಆಯಿಗೆ ಹೊಲದ ಮನೆಯಲ್ಲಿ ರಾತ್ರಿ ಎದೆನೋವು ಶುರುವಾಯ್ತು. ಡಾಂಬರು ರಸ್ತೆಗೆ ನಾಲ್ಕು ಕಿಲೋಮೀಟರ್ ರಾಡಿ. ಟ್ರ್ಯಾಕ್ಟರ್ ಆಗಲೇ ಸಂಜೆಗೇ ಹೂತಿತ್ತು. ಕಾಕಾ ಜೀಪಿನ ಸಣ್ಣ ಲಿವರ್ ಎಳೆದು, ಒಂದನೇ ಗೇರಿನಲ್ಲೇ ಆ ನಾಲ್ಕು ಕಿಲೋಮೀಟರ್ ಒಂದೂವರೆ ಗಂಟೆ ಓಡಿಸಿ, ನಸುಕಿಗೆ ಸೇಡಂ ರಸ್ತೆಯ ಆಸ್ಪತ್ರೆ ಮುಟ್ಟಿಸಿದ. ಆಯಿ ಅದಾದ ಮೇಲೂ ಒಂಬತ್ತು ವರ್ಷ ಬದುಕಿದ್ದಳು. ಹೀಗಾಗಿ ಜೀಪ್ ಮಾರೋದು ಅಂದ್ರೆ ಬರೀ ರೇಟಿನ ಮಾತಲ್ಲ.

ಸರಿ, ಎರಡೂ ಗಾಡಿಗಳ ಜಾತಕ ತೆಗೆದೆ. ತೆಗೆದ್ರೆ ಎರಡರ ಬೇರೂ ಒಂದೇ ಕಡೆ ಹೋಗುತ್ತೆ: 1940ರ ಅಮೆರಿಕ. ಯುದ್ಧದ ತಯಾರಿಯಲ್ಲಿದ್ದ ಅಮೆರಿಕದ ಸೈನ್ಯ ಆ ವರ್ಷದ ಜುಲೈನಲ್ಲಿ 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕೂ ಗಾಲಿ ಎಳೆಯೋ ಹಗುರ ಗಾಡಿ ಬೇಕು, 49 ದಿನದಲ್ಲಿ ಮಾದರಿ ತೋರಿಸಿ ಅಂತ ಕೇಳಿತು. ನಮ್ಮ ಕ್ಲೈಂಟುಗಳೇ ವಾಸಿ ಅನ್ನಿಸಿತು! ಬ್ಯಾಂಟಮ್ ಅನ್ನೋ ಮುಳುಗ್ತಾ ಇದ್ದ ಸಣ್ಣ ಕಂಪನಿ ಕಾರ್ಲ್ ಪ್ರೊಬ್ಸ್ಟ್ ಅನ್ನೋ ಇಂಜಿನಿಯರನ್ನು ಕರೆಸಿ, ಕೆಲವೇ ದಿನಗಳಲ್ಲಿ ನಕ್ಷೆ ಮಾಡಿಸಿ, ಸೆಪ್ಟೆಂಬರ್ 23ರ ಗಡುವಿನ ದಿನವೇ ಗಾಡಿ ತಂದು ನಿಲ್ಲಿಸಿತು. ಆಮೇಲೆ ವಿಲ್ಲೀಸ್ ಮತ್ತು ಫೋರ್ಡ್ ಕೂಡ ತಮ್ಮ ತಮ್ಮ ಮಾದರಿ ತಂದವು. ಫೋರ್ಡಿನವರು ಹಾಕಿದ್ದು ತಮ್ಮ ಟ್ರ್ಯಾಕ್ಟರಿನ ಇಂಜಿನ್ನನ್ನೇ ತಿದ್ದಿದ್ದು. ವಿಲ್ಲೀಸ್‌ನವರದು 60 ಕುದುರೆ ಶಕ್ತಿಯ 'ಗೋ ಡೆವಿಲ್'. 1941ರಲ್ಲಿ ದೊಡ್ಡ ಗುತ್ತಿಗೆ ವಿಲ್ಲೀಸ್‌ಗೆ ಹೋಯ್ತು, ಅದೇ ನಕ್ಷೆಯ ಗಾಡಿ ಮಾಡೋ ಕೆಲಸ ಫೋರ್ಡ್‌ಗೂ ಸಿಕ್ತು. ಮೊದಲು ಮಾಡಿದ ಬ್ಯಾಂಟಮ್‌ಗೆ ಸಿಕ್ಕಿದ್ದು ಟ್ರೈಲರ್ ಮಾಡೋ ಕೆಲಸ. ಯುದ್ಧ ಮುಗಿಯೋ ಹೊತ್ತಿಗೆ ತಯಾರಾಗಿದ್ದು ಆರು ಲಕ್ಷಕ್ಕೂ ಹೆಚ್ಚು ಜೀಪು.

ಇಲ್ಲಿ ಗಮನಿಸಬೇಕಾದ ಮಾತು ಒಂದಿದೆ. ಸೈನ್ಯ ಮೊದಲು ಕೇಳಿದ್ದು 590 ಕೆ.ಜಿ. ತೂಕದ ಗಾಡಿ. ಅದು ಆಗದ ಮಾತು ಅಂತ ಗೊತ್ತಾದ ಮೇಲೆ ಮಿತಿ 2160 ಪೌಂಡಿಗೆ ಏರಿತು, ಅಂದ್ರೆ ಸುಮಾರು 980 ಕೆ.ಜಿ. ಈ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಜೀಪು ನಮ್ಮ ದೇಶಕ್ಕೆ ಬಂದ ದಾರಿ ಇನ್ನೂ ಮಜವಾಗಿದೆ. 1945ರ ಅಕ್ಟೋಬರ್ 2ರಂದು ಜೆ.ಸಿ. ಮತ್ತು ಕೆ.ಸಿ. ಮಹೀಂದ್ರ ಸೋದರರು ಮಲಿಕ್ ಗುಲಾಮ್ ಮೊಹಮ್ಮದ್ ಜೊತೆ ಸೇರಿ ಶುರು ಮಾಡಿದ ಕಂಪನಿಯ ಹೆಸರು 'ಮಹೀಂದ್ರ ಅಂಡ್ ಮೊಹಮ್ಮದ್', ಉಕ್ಕಿನ ವ್ಯಾಪಾರ. ಈ ಗುಲಾಮ್ ಮೊಹಮ್ಮದ್ ಯಾರು ಅಂತೀರಿ? ನಮ್ಮ ಕಲಬುರಗಿಯೂ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ನಿಜಾಮರ ಹಣಕಾಸು ನೋಡಿಕೊಂಡವರು. ದೇಶ ಇಬ್ಭಾಗ ಆದಾಗ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ ಕೂಡ ಆದರು. ಇಲ್ಲಿ ಕಂಪನಿ 1948ರಲ್ಲಿ 'ಮಹೀಂದ್ರ ಅಂಡ್ ಮಹೀಂದ್ರ' ಆಯ್ತು. ಅದೇ ಹೊತ್ತಿಗೆ ವಿಲ್ಲೀಸ್ ಜೀಪಿನ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸೋ ಕೆಲಸವೂ ಶುರುವಾಯ್ತು.

ಆದ್ರೆ ನಮ್ಮ ಭಾಗದ ಜನ ಜೀಪು ಕಂಡಿದ್ದು ಅಂಗಡಿಯಲ್ಲಲ್ಲ. 1948ರ ಸೆಪ್ಟೆಂಬರ್ 13ಕ್ಕೆ ಪೊಲೀಸ್ ಆಕ್ಷನ್ ಶುರುವಾದಾಗ ಮೇಜರ್ ಜನರಲ್ ಜೆ.ಎನ್. ಚೌಧರಿ ಅವರ ಮುಖ್ಯ ಪಡೆ ಹೊರಟಿದ್ದು ಸೊಲ್ಲಾಪುರ-ಹೈದರಾಬಾದ್ ರಸ್ತೆಯಲ್ಲಿ, ನಳದುರ್ಗ, ಹುಮನಾಬಾದ್, ಜಹೀರಾಬಾದ್ ಮೇಲೆ. ಕಮಲಾಪುರದಿಂದ ಹುಮನಾಬಾದ್ ಏನು ದೂರ? ಐದು ದಿನದಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ನಮ್ಮ ಮುತ್ಯಾ ಆಗ ಹುಡುಗ. "ಬಾಗಿಲ ಇಲ್ಲದ ಮೋಟಾರ್, ಹೊಲದಾಗ ಸುದ್ದಾ ಹೋಗ್ತಿತ್ತು" ಅಂತ ಹೇಳ್ತಿದ್ದ. ಅದು ಭಾದ್ರಪದ, ಎರಿ ಹಸಿ ಇರೋ ಹೊತ್ತು. ಅವನು ಬೆರಗಾಗಿದ್ದು ಟ್ಯಾಂಕಿಗಲ್ಲ, ರಾಡಿಯಲ್ಲಿ ಹೂಳದ ಆ ಸಣ್ಣ ಗಾಡಿಗೆ.

ಮುಂದೆ ನಮ್ಮ ಜೀಪು ನಮ್ಮ ಹಾಗೇ ಬೆಳೆಯಿತು. 1970ರ ದಶಕದಲ್ಲಿ ಪೆಟ್ರೋಲ್ ತುಟ್ಟಿ ಆದಾಗ ಅದಕ್ಕೆ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಡೀಸೆಲ್ ಇಂಜಿನ್ ಹತ್ತಿಸಿದರು. 1940ರಲ್ಲಿ ಫೋರ್ಡ್ ಮಾಡಿದ ಉಪಾಯವೇ ಬೇರೆ ರೂಪದಲ್ಲಿ! ಎಂಎಂ 540ಕ್ಕೆ ಬಂದಿದ್ದು ಫ್ರಾನ್ಸಿನ ಪ್ಯೂಜೋದವರ 2.1 ಲೀಟರ್ ಡೀಸೆಲ್. ಎಣ್ಣೆ ಸೋರುತ್ತೆ, ಗಡಗಡ ಅನ್ನುತ್ತೆ, ಆದ್ರೆ ನಿಂತ ಜಾಗದಲ್ಲೇ ಯಾವ ಮಿಸ್ತ್ರಿ ಬೇಕಾದ್ರೂ ಬಿಚ್ಚಿ ಕಟ್ಟಬಹುದು.

ಈಗ ಜಿಪ್ಸಿ. ಇದರ ಮೂಲಪುರುಷ ಜಪಾನಿನ ಹೋಪ್ ಅನ್ನೋ ಪುಟ್ಟ ಕಂಪನಿಯ 360 ಸಿಸಿ ಗಾಡಿ. ಅದರ ಹಕ್ಕನ್ನು ಸುಜುಕಿ ಕೊಂಡು 1970ರಲ್ಲಿ ಎಲ್‌ಜೆ 10 ಅಂತ ಹೊರತಂದಿತು. ಅದೇ ಸಂತತಿಯ ಎಸ್‌ಜೆ 410 ಇಲ್ಲಿ 1985ರ ಡಿಸೆಂಬರಿನಲ್ಲಿ ಮಾರುತಿ ಜಿಪ್ಸಿ ಆಗಿ ಬಂತು, 970 ಸಿಸಿ ಪೆಟ್ರೋಲ್, 45 ಕುದುರೆ. (ಅಂದ್ಹಾಗೆ ನನ್ನ ಗೆಳೆಯನ ಎಟಿವಿಯೂ ಇದೇ ಕಾಲದ ಕೂಸು. ಸುಜುಕಿಯ ನಾಲ್ಕು ಗಾಲಿಯ ಎಟಿವಿ ಬಂದಿದ್ದು 1982ರಲ್ಲಿ, ನಾಲ್ಕೂ ಗಾಲಿ ಎಳೆಯೋ ಹೋಂಡಾ ಬಂದಿದ್ದು 1986ರಲ್ಲಿ.) 1996ರಲ್ಲಿ 1.3 ಲೀಟರಿನ ಜಿಪ್ಸಿ ಕಿಂಗ್ ಬಂತು. ನೋಡಿದ್ರೆ ಆಟಿಕೆ ಅಂತ ಜನ ನಕ್ಕಿದ್ದೂ ಉಂಟು.

ನಗದಿದ್ದದ್ದು ನಮ್ಮ ಸೈನ್ಯ. ಅವರ ಹತ್ತಿರ ಆಗ ಜೀಪಿತ್ತು, ಜಬಲ್ಪುರದಲ್ಲಿ 1969ರಿಂದ ತಯಾರಾಗ್ತಿದ್ದ ನಿಸ್ಸಾನ್ ಮೂಲದ ಜೋಂಗಾ ಇತ್ತು. ಜೋಂಗಾ ಹತ್ತಿರ ಹತ್ತಿರ ನಾಲ್ಕು ಲೀಟರಿನ ಆನೆ, ಹೊಟ್ಟೆಬಾಕ. 1991ರಿಂದ ಸೈನ್ಯ ಜಿಪ್ಸಿ ತಗೊಳ್ಳೋಕೆ ಶುರು ಮಾಡಿ ಮೂವತ್ತೈದು ಸಾವಿರಕ್ಕೂ ಹೆಚ್ಚು ತಗೊಂಡಿತು. ಕಾರಣ ತೂಕ. ಜಿಪ್ಸಿ ಕಿಂಗ್ ತೂಕ ಎಷ್ಟು ಗೊತ್ತಾ? ಸುಮಾರು 985 ಕೆ.ಜಿ.! ಅಮೆರಿಕದವರು 1940ರಲ್ಲಿ ಕೇಳಿದ ತೂಕಕ್ಕೆ ಐದು ಕೆ.ಜಿ. ಅಷ್ಟೇ ಜಾಸ್ತಿ. ನಮ್ಮ ಜೀಪು ಡೀಸೆಲ್ ಹಾಕಿಕೊಂಡು ದಪ್ಪ ಆಗ್ತಾ ಹೋದಾಗ ಹಳೇ ಜೀಪಿನ ಜಾಗಕ್ಕೆ ಬಂದು ಕೂತಿದ್ದು ಈ 'ಆಟಿಕೆ'. ಜನಸಾಮಾನ್ಯರಿಗೆ ಅದರ ಮಾರಾಟ ನಿಂತಿದ್ದು 2019ರಲ್ಲಿ, ಹೊಸ ಸುರಕ್ಷತಾ ನಿಯಮಗಳು ಬಂದ ಮೇಲೆ.

ಹಾಗಾದ್ರೆ ಎರಿ ರಾಡಿಗೆ ಯಾವುದು? ಎರಡರಲ್ಲೂ ನಾಲ್ಕು ಗಾಲಿಯ ಎಳೆತವನ್ನು ಬೇಕಾದಾಗ ಮಾತ್ರ ಹಾಕಿಕೊಳ್ಳಬೇಕು, ಎರಡರಲ್ಲೂ ನಿಧಾನದ ಗೇರ್ ಇದೆ, ಎರಡರಲ್ಲೂ ಮುಂದಿನದೊಂದು ಹಿಂದಿನದೊಂದು ಗಾಲಿ ಜಾರಿದ್ರೆ ಕಥೆ ಮುಗೀತು. ವ್ಯತ್ಯಾಸ ಇಷ್ಟು: ಜೀಪಿನ ಡೀಸೆಲ್ ಕಡಿಮೆ ತಿರುಗಿದ್ರೂ ಎಳೆಯುತ್ತೆ, ನಿಧಾನವಾಗಿ ಹೋಗಬಹುದು. ಜಿಪ್ಸಿಗೆ ಆಕ್ಸಿಲರೇಟರ್ ಕೊಡ್ತಾ ಇರಬೇಕು, ಆದ್ರೆ ಹಗುರ, ಹೂಳೋದು ಕಡಿಮೆ, ಹೂತರೂ ನಾಲ್ಕು ಜನ ಸೇರಿ ಎತ್ತಿ ತಳ್ಳಬಹುದು.

ಇಷ್ಟೆಲ್ಲ ಎಕ್ಸೆಲ್‌ನಲ್ಲಿ ಹಾಕಿ, ಮಾರ್ಕ್ಸ್ ಕೊಟ್ಟು ಕೂಡಿಸಿದೆ. ಜೀಪೇ ಗೆದ್ದಿತು. ಖುಷಿಯಿಂದ ಕಾಕಾಗೆ ಫೋನ್ ಮಾಡಿ, "ಕಾಕಾ, ಜೀಪ್ ಮಾರಬ್ಯಾಡ್ರಿ, ಇಂಜಿನ್ ಮಾಡಿಸೋಣು, ರೊಕ್ಕ ನಾ ಕೊಡ್ತೀನಿ" ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ ಕಾಕಾ. "ಇಂಜಿನ್ ನೀ ಮಾಡಸ್ತಿ ತಮ್ಮಾ. ನನ್ನ ಮೊಣಕಾಲ ಯಾರ ಮಾಡಸ್ತಾರ? ಆ ಕ್ಲಚ್ ಈಗ ನನಗ ತುಳಿಲಿಕ್ಕಿ ಆಗಂಗಿಲ್ಲ. ನೀ ಬೆಂಗಳೂರಾಗ ಇರ್ತಿ. ರಾತ್ರಿ ಏನರೆ ಆದ್ರ ಗಾಡಿ ಹೊಡಿಯಾಕಿ ನಿನ್ನ ತಂಗಿ. ಅಕಿಗಿ ಆ ಸ್ಟೇರಿಂಗ್ ತಿರಗತದೇನು?"

ನಾನು ಎಕ್ಸೆಲ್‌ನಲ್ಲಿ ಇಪ್ಪತ್ತೆರಡು ಸಾಲು ಹಾಕಿದ್ದೆ. ಓಡಿಸೋರು ಯಾರು ಅನ್ನೋ ಸಾಲೇ ಇರಲಿಲ್ಲ. ನನ್ನ ಕಣ್ಣಲ್ಲಿ ಜೀಪು ಓಡಿಸ್ತಾ ಇದ್ದಿದ್ದು 2009ರ ಕಾಕಾ.

ಕೊನೆಗೆ ಜಿಪ್ಸಿ ಬಂತು. ಹೋದ ತಿಂಗಳು ಹದವಾಗಿ ಮಳೆ ಬಿದ್ದ ಮಾರನೇ ದಿನ ತಂಗಿ ಅದೇ ನಾಲ್ಕು ಕಿಲೋಮೀಟರ್ ಓಡಿಸಿದಳು, ಪಕ್ಕದಲ್ಲಿ ಕಾಕಾ. ಒಂದು ಕಡೆ ಹೂತಿತು. ನಾನೂ ಇಬ್ಬರು ಆಳುಗಳೂ ತಳ್ಳಿ ಎತ್ತಿದೆವು. ಒಟ್ಟು ನಲವತ್ತು ನಿಮಿಷ. ಕಾಕಾ ಇಳಿದು ಟೈರ್ ನೋಡಿ, "ಸಣ್ಣದದ, ಖರೇ ಶಾಣ್ಯಾ ಅದ" ಅಂದ. ಜೀಪು ಇನ್ನೂ ಬೇವಿನ ಗಿಡದ ಕೆಳಗೇ ಇದೆ. ಮಾರೋ ಮಾತನ್ನು ಈಗ ಯಾರೂ ಎತ್ತುತ್ತಿಲ್ಲ.

ಗೆಳೆಯನಿಗೂ ಕೇಳಿದೆ, "ಎಟಿವಿ ಓಡಿಸೋದು ನೀನೊಬ್ಬನೇನಾ?" ಅಂತ. "ಹೆಂಡತೀನೂ ಓಡಿಸ್ತಾಳೆ" ಅಂದ. "ಹಾಗಾದ್ರೆ ಅವರನ್ನ ಕೂರಿಸಿ ನೋಡು ಮಾರಾಯ" ಅಂದೆ.

ನಿಮ್ಮೂರ ರಾಡಿಗೆ ಯಾವ ಗಾಡಿ? ಮಲೆನಾಡಿನವರು ಜೀಪಿನ ಪರ ಜಗಳಕ್ಕೆ ಬರ್ತೀರಿ ಅಂತ ಗೊತ್ತು, ಬನ್ನಿ :-)