ರಾಡಿಕಲ್‌ಗಳಿಗೆ ದಿಕ್ಕು: ಮುಕುಂದ ಸಿಬಿಯವರ ಅಸಮ್ಮಿತ ಸಂಶ್ಲೇಷಣೆಯಲ್ಲಿ ಟೆಂಪ್ಲೇಟಿನ ಪಾತ್ರ

ಅಸಮ್ಮಿತ ಕ್ರಿಯಾವರ್ಧನೆಯ ಚರಿತ್ರೆ ಇದುವರೆಗೆ ಬಹುಮಟ್ಟಿಗೆ ಲಿಗ್ಯಾಂಡುಗಳ, ಅಂದರೆ ಲೋಹಕ್ಕೆ ಕಟ್ಟಿಕೊಳ್ಳುವ ಅಣುಗಳ, ಚರಿತ್ರೆಯಾಗಿಯೇ ಬರೆಯಲ್ಪಟ್ಟಿದೆ. 2001ರಲ್ಲಿ ನೋಲ್ಸ್, ನೊಯೊರಿ, ಶಾರ್ಪ್‌ಲೆಸ್ ಅವರಿಗೆ ನೊಬೆಲ್ ಬಂದಾಗಲೂ, 2021ರಲ್ಲಿ ಲಿಸ್ಟ್ ಮತ್ತು ಮ್ಯಾಕ್‌ಮಿಲನ್ ಅವರಿಗೆ ಬಂದಾಗಲೂ ಎಲ್ಲರ ಕಣ್ಣು ನೆಟ್ಟದ್ದು ಕೈರಲ್ ಕ್ರಿಯಾವರ್ಧಕದ ಮೇಲೆ. ಆ ಕ್ರಿಯಾವರ್ಧಕ ಹಿಡಿದುಕೊಳ್ಳುವ ಅಣುವಿನಲ್ಲಿ, ತಾನು ಕೈರಲ್ ಅಲ್ಲದ, ಕೆಲಸ ಮುಗಿದ ಮೇಲೆ ಕಳಚಿ ಬೀಳುವ ಒಂದು ತುಣುಕು ಇರುತ್ತದೆ, ಅದೇ ಟೆಂಪ್ಲೇಟು. ಅದರ ಆಯ್ಕೆ ಬಹಳ ಕಾಲ ಅನುಕೂಲದ ವಿಷಯವಾಗಿತ್ತೇ ಹೊರತು ಚಿಂತನೆಯ ವಿಷಯವಾಗಿರಲಿಲ್ಲ. ಬೆಂಗಳೂರಿನಲ್ಲಿ ಓದಿ ಅಮೆರಿಕದ ನಾರ್ತ್ ಡಕೋಟ ಸ್ಟೇಟ್ ಯೂನಿವರ್ಸಿಟಿಯಲ್ಲಿ ನೆಲೆ ನಿಂತ ಮುಕುಂದ ಸಿಬಿಯವರ ಸಂಶೋಧನೆಯನ್ನು ಒಟ್ಟಾಗಿ ಓದಿದರೆ, ಈ ಕಡೆಗಣಿಸಿದ ತುಣುಕೇ ಅವರ ನಿಜವಾದ ವಿಷಯವಾಗಿತ್ತು ಎಂಬುದು ಕಾಣುತ್ತದೆ. ಈ ಲೇಖನದ ವಾದ ಅದೇ.

ಮೊದಲು ಕೈರಲ್ ಗುಣದ ಬಗ್ಗೆ ಒಂದೆರಡು ಮಾತು. ಎಡಗೈ ಬಲಗೈಗಳಂತೆ ಒಂದರ ಕನ್ನಡಿಬಿಂಬ ಇನ್ನೊಂದಾಗಿರುವ, ಒಂದರ ಮೇಲೊಂದು ಸರಿಯಾಗಿ ಕೂರದ ಅಣುಗಳು ಕೈರಲ್ ಅಣುಗಳು. ಸಬ್ಬಸಿಗೆ ಬೀಜದ ಎಣ್ಣೆಯಲ್ಲಿರುವ ಕಾರ್ವೋನ್ ಮತ್ತು ಸ್ಪಿಯರ್‌ಮಿಂಟ್ ಪುದೀನದಲ್ಲಿರುವ ಕಾರ್ವೋನ್ ಇಂಥ ಜೋಡಿ. ಪರಮಾಣುಗಳ ಲೆಕ್ಕವೂ ಜೋಡಣೆಯೂ ಒಂದೇ, ವಾಸನೆ ಮಾತ್ರ ಬೇರೆ. ಪ್ರಕೃತಿ ಇಂಥ ಜೋಡಿಯಲ್ಲಿ ಒಂದನ್ನಷ್ಟೇ ಆರಿಸಿ ಕಟ್ಟಬಲ್ಲದು; ಸಾಮಾನ್ಯ ಪ್ರಯೋಗಾಲಯದ ಕ್ರಿಯೆ ಎರಡನ್ನೂ ಸಮಸಮವಾಗಿ ಕೊಡುತ್ತದೆ. ಪ್ರಕೃತಿ ಕೊಟ್ಟ ಕಾರ್ವೋನನ್ನೇ ಹಿಡಿದು ಅದರಿಂದ ದೊಡ್ಡ ಟರ್ಪೀನಾಯ್ಡುಗಳನ್ನು ಕಟ್ಟುವುದು ಒಂದು ದಾರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ. ಶ್ರೀಕೃಷ್ಣ ಅವರು ಈ ದಾರಿಯಲ್ಲಿ ಬಹಳ ದೂರ ಹೋದರು. ಕೈರಲ್ ಅಲ್ಲದ ಸರಳ ವಸ್ತುವಿನಿಂದ ಹೊರಟು, ಅಲ್ಪ ಪ್ರಮಾಣದ ಕೈರಲ್ ಕ್ರಿಯಾವರ್ಧಕದಿಂದ ಒಂದೇ ರೂಪವನ್ನು ಪಡೆಯುವುದು ಇನ್ನೊಂದು ದಾರಿ. ಸಿಬಿಯವರದು ಈ ಎರಡನೆಯದು.

ಅವರ ಆರಂಭ ಮಾತ್ರ ಸಂಶ್ಲೇಷಣೆಯಲ್ಲಿ ಅಲ್ಲ. ಸಿಟಿ ಯೂನಿವರ್ಸಿಟಿ ಆಫ್ ನ್ಯೂಯಾರ್ಕ್‌ನಲ್ಲಿ ರಾಬರ್ಟ್ ಲಿಕ್ಟರ್ ಅವರ ಜೊತೆ ಅವರು ಮಾಡಿದ್ದು ನೈಟ್ರೋಜನ್-15ರ ಎನ್‌ಎಂಆರ್ ಅಧ್ಯಯನ: ನೈಟ್ರೋಜನ್ ಪರಮಾಣುವಿನ ಸುತ್ತಲ ಎಲೆಕ್ಟ್ರಾನ್ ಪರಿಸರ ನೆರೆಯ ಗುಂಪುಗಳಿಂದ ಹೇಗೆ ಬದಲಾಗುತ್ತದೆ ಎಂಬ ಸೂಕ್ಷ್ಮ ಲೆಕ್ಕ. ಮುಂದೆ ಡಾರ್ಟ್‌ಮತ್‌ನಲ್ಲಿ ಗಾರ್ಡನ್ ಗ್ರಿಬಲ್ ಅವರೊಂದಿಗೆ ಎಲಿಪ್ಟಿಸಿನ್ ಎಂಬ ಆಲ್ಕಲಾಯ್ಡಿನ ಕಡೆಗೆ ಸಾಗುವ ಇಂಡೋಲ್ ರಸಾಯನ, ವಾಟರ್‌ಲೂನಲ್ಲಿ ವಿಕ್ಟರ್ ಸ್ನೀಕಸ್ ಅವರೊಂದಿಗೆ ಲಿಥಿಯಂ ರಸಾಯನ. 1983ರಲ್ಲಿ ಸಿಬಿ ಮತ್ತು ಸ್ನೀಕಸ್ ಪ್ರಕಟಿಸಿದ, ಆರೈಲ್ ಕಾರ್ಬಮೇಟುಗಳ ಆರ್ಥೋ ಲಿಥಿಯೇಷನ್ ಮತ್ತು ಆನಯಾನಿಕ್ ಫ್ರೀಸ್ ಮರುಜೋಡಣೆಯ ಲೇಖನ ಇಂದಿಗೂ ಪಠ್ಯಗಳಲ್ಲಿ ಉಳಿದಿದೆ. ಅಲ್ಲಿ ಕಾರ್ಬಮೇಟ್ ಗುಂಪು ಲೋಹವನ್ನು ಹಿಡಿದು ಇಂಥಲ್ಲೇ ಕೆಲಸ ಮಾಡು ಎಂದು ನಿರ್ದೇಶಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಮುಂದಿನ ಟೆಂಪ್ಲೇಟ್ ಚಿಂತನೆಯ ಬೀಜ ಇಲ್ಲೇ ಇದೆ. ಲೋಹವನ್ನು ಹಿಡಿಯುವ ಗುಂಪಿನ ಆಕಾರ ಬದಲಿಸಿದರೆ ಕ್ರಿಯೆಯ ಫಲವೂ ಬದಲಾಗುತ್ತದೆ ಎಂಬುದನ್ನು ಅವರು ಕೈಯಾರೆ ಕಂಡಿದ್ದರು. 1987ರಲ್ಲಿ ಅವರು ಫಾರ್ಗೊ ಪಟ್ಟಣದ ನಾರ್ತ್ ಡಕೋಟ ಸ್ಟೇಟ್ ಸೇರಿದರು.

1990ರ ಸುಮಾರಿಗೆ ಒಂಟಿ ಎಲೆಕ್ಟ್ರಾನ್ ಹೊತ್ತ ಮುಕ್ತ ರಾಡಿಕಲ್‌ಗಳ ಬಗ್ಗೆ ಸಂಶ್ಲೇಷಕರಲ್ಲಿ ಎರಡು ಭಾವನೆ ಇತ್ತು. ಉಂಗುರ ಕಟ್ಟಲು ಅವು ಅತ್ಯುತ್ತಮ. ನೀರಿಗೂ ಆಲ್ಕೊಹಾಲಿಗೂ ಹೆದರುವುದಿಲ್ಲ. ಆದರೆ ತೆರೆದ ಸರಪಳಿಯಲ್ಲಿ ಅವುಗಳ ದಿಕ್ಕನ್ನು ನಿಯಂತ್ರಿಸುವುದು ಆಗದ ಮಾತು. ಕಾರಣಗಳು ಗಟ್ಟಿಯಾಗಿಯೇ ಇದ್ದವು. ಕಾರ್ಬನ್ ರಾಡಿಕಲ್ ಚಪ್ಪಟೆಯಾಗಿರುತ್ತದೆ, ಇಲ್ಲವೇ ಕ್ಷಣಮಾತ್ರದಲ್ಲಿ ಮಗುಚಿಕೊಳ್ಳುತ್ತದೆ, ಆದ್ದರಿಂದ ತನ್ನದೇ ಕೈರಲ್ ನೆನಪನ್ನು ಉಳಿಸಿಕೊಳ್ಳುವುದಿಲ್ಲ. ಕ್ರಿಯೆ ಅತಿ ವೇಗ. ಸಂಕ್ರಮಣ ಸ್ಥಿತಿ ಬೇಗ ಬರುತ್ತದೆ, ಆಗ ಎರಡು ಅಣುಗಳ ನಡುವೆ ಅಂತರ ಇನ್ನೂ ಬಹಳ, ಹೀಗಾಗಿ ಒಂದು ಮುಖವನ್ನು ಮರೆಮಾಡಿದರೂ ಪರಿಣಾಮ ಕಡಿಮೆ. ಎಲ್ಲಕ್ಕಿಂತ ದೊಡ್ಡ ತೊಡಕು, ಕ್ರಿಯಾವರ್ಧಕವನ್ನು ಮುಟ್ಟದೆಯೇ ರಾಡಿಕಲ್ ನೇರವಾಗಿ ಹೋಗಿ ಸೇರುವ ಹಿನ್ನೆಲೆ ಕ್ರಿಯೆ. ಅದು ಕೊಡುವುದು ಎರಡೂ ರೂಪಗಳ ಸಮಮಿಶ್ರಣ.

ಈ ತೊಡಕನ್ನು ಬಿಡಿಸಿದ್ದು ಲೂಯಿಸ್ ಆಮ್ಲ, ಅಂದರೆ ಎಲೆಕ್ಟ್ರಾನ್ ಜೋಡಿಯನ್ನು ಸ್ವೀಕರಿಸುವ ಲೋಹದ ಸಂಯುಕ್ತ. 1995ರಲ್ಲಿ ಸಿಬಿ, ಕ್ರೇಗ್ ಜಾಸ್ಪರ್ಸ್ ಮತ್ತು ಜಿ ಅವರು ಆಕ್ಸಜೋಲಿಡಿನೋನ್ ಜೋಡಿಸಿದ ಅಪರ್ಯಾಪ್ತ ಆಮ್ಲಗಳಿಗೆ ರಾಡಿಕಲ್ ಸೇರಿಸುವಾಗ ಲೂಯಿಸ್ ಆಮ್ಲ ಇದ್ದರಷ್ಟೇ ಕ್ರಿಯೆ ಚೆನ್ನಾಗಿ ನಡೆಯುತ್ತದೆ ಎಂದು ತೋರಿಸಿದರು. ಆಕ್ಸಜೋಲಿಡಿನೋನಿನ ಕಾರ್ಬೊನಿಲ್ ಆಮ್ಲಜನಕ ಮತ್ತು ಅದಕ್ಕೆ ಜೋಡಿಸಿದ ಆಮ್ಲದ ಕಾರ್ಬೊನಿಲ್ ಆಮ್ಲಜನಕ ಎರಡೂ ಸೇರಿ ಲೋಹವನ್ನು ಇಕ್ಕಳದಂತೆ ಹಿಡಿಯುತ್ತವೆ. ದ್ವಿಬಂಧದ ಎಲೆಕ್ಟ್ರಾನ್ ಲೋಹದ ಕಡೆಗೆ ಸೆಳೆಯಲ್ಪಟ್ಟು ರಾಡಿಕಲ್ಲಿಗೆ ದಾರಿ ಸುಲಭವಾಗುತ್ತದೆ. ಅಂದರೆ ಕ್ರಿಯಾವರ್ಧಕ ಹಿಡಿದ ಅಣು ಮಾತ್ರ ವೇಗವಾಗಿ ವರ್ತಿಸುತ್ತದೆ, ಹಿಡಿಯದ ಅಣು ಹಿಂದೆ ಉಳಿಯುತ್ತದೆ. ಹಿನ್ನೆಲೆ ಕ್ರಿಯೆಯ ಸಮಸ್ಯೆ ಇಲ್ಲಿಗೆ ಅರ್ಧ ಮುಗಿಯಿತು. ಅದೇ ಲೋಹಕ್ಕೆ ಕೈರಲ್ ಲಿಗ್ಯಾಂಡನ್ನು ಕಟ್ಟಿದರೆ ದಿಕ್ಕೂ ಬರುತ್ತದೆ. 1996ರಲ್ಲಿ ಸಿಬಿ ಮತ್ತು ನೆಡ್ ಪೋರ್ಟರ್ ಅವರ ತಂಡಗಳು ಒಟ್ಟಾಗಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದವು. ಮೆಗ್ನೀಸಿಯಂ ಅಯೊಡೈಡ್, ಬಿಸ್‌ಆಕ್ಸಜೋಲಿನ್ ಲಿಗ್ಯಾಂಡ್, ಟ್ರೈಇಥೈಲ್‌ಬೋರೇನ್ ಮತ್ತು ಆಮ್ಲಜನಕದಿಂದ ಚಾಲನೆ, ಟ್ರೈಬ್ಯುಟೈಲ್ ಟಿನ್ ಹೈಡ್ರೈಡ್, ತಾಪ -78 ಡಿಗ್ರಿ ಸೆಲ್ಸಿಯಸ್. ಟಿನ್ ಹೈಡ್ರೈಡ್ ಬಹಳ ಹಳೆಯ ಕಾರಕ, ಟ್ರೈಇಥೈಲ್‌ಬೋರೇನಿನ ಬಳಕೆಯೂ ಹೊಸದಲ್ಲ. ಹೊಸದಾಗಿದ್ದದ್ದು ಅವುಗಳನ್ನು ಕೂಡಿಸಿದ ಬಗೆ. ಮುಂದೆ ಅಮೈನೊಇಂಡನಾಲ್ ಮೂಲದ ಲಿಗ್ಯಾಂಡಿನಿಂದ ಇನಾನ್ಷಿಯೋಮರ್ ಆಧಿಕ್ಯ ಪ್ರತಿಶತ 90ನ್ನು ಮೀರಿತು. 90 ಎಂದರೆ ನೂರು ಅಣುಗಳಲ್ಲಿ ಬೇಕಾದ ರೂಪದವು 95.

ಇಲ್ಲಿಂದ ಮುಂದೆ ಬೇರೆಯವರಾಗಿದ್ದರೆ ಹೊಸ ಹೊಸ ಲಿಗ್ಯಾಂಡುಗಳ ಬೆನ್ನು ಹತ್ತುತ್ತಿದ್ದರು. ಸಿಬಿಯವರು ಆಕ್ಸಜೋಲಿಡಿನೋನನ್ನು ತೆಗೆದು ಪೈರಜೋಲ್ ಇಟ್ಟು ನೋಡಿದರು. ಲೋಹವನ್ನು ಹಿಡಿಯುವ ಒಂದು ಪರಮಾಣು ಈಗ ಆಮ್ಲಜನಕದ ಬದಲು ನೈಟ್ರೋಜನ್. ಲೋಹ ಸೇರಿ ಆಗುವ ಉಂಗುರದ ಅಳತೆ ಬೇರೆ, ಲೋಹದ ಸುತ್ತಲಿನ ಜಾಗ ಬೇರೆ, ಬಿಡಿಸುವುದೂ ಸುಲಭ. 1998ರಲ್ಲಿ ಪೈರಜೋಲ್ ಜೋಡಿಸಿದ ಕ್ರೊಟೊನೇಟುಗಳಿಗೆ ಬೆಂಜೈಲ್‌ಹೈಡ್ರಾಕ್ಸಿಲಮೀನ್ ಸೇರಿಸಿ ಬೀಟಾ ಅಮೈನೊ ಆಮ್ಲಗಳ ಮೂಲವಸ್ತುಗಳನ್ನು ಒಂದೇ ಕೈರಲ್ ರೂಪದಲ್ಲಿ ಪಡೆದರು. ಯೌವನದಲ್ಲಿ ನೈಟ್ರೋಜನ್ನಿನ ಎಲೆಕ್ಟ್ರಾನುಗಳನ್ನು ಅಳೆಯುತ್ತ ಕಳೆದವರಿಗೆ ಈ ಬದಲಾವಣೆ ಸಹಜವಾಗಿಯೇ ಹೊಳೆದಿರಬೇಕು; ಇದು ನನ್ನ ಊಹೆ.

2001ರ ಕೈರಲ್ ರಿಲೇ ಈ ಚಿಂತನೆಯ ಶಿಖರ. ಪೈರಜೋಲಿಡಿನೋನ್ ಟೆಂಪ್ಲೇಟಿನ ಒಂದು ನೈಟ್ರೋಜನ್ ಮೇಲೆ ಬೆಂಜೈಲ್‌ನಂಥ ಗುಂಪು ಕೂತಿರುತ್ತದೆ. ನೈಟ್ರೋಜನ್ ಸದಾ ಮಗುಚುತ್ತಲೇ ಇರುವುದರಿಂದ ಈ ಗುಂಪಿಗೆ ಸ್ಥಿರವಾದ ಪಕ್ಕವಿಲ್ಲ, ಟೆಂಪ್ಲೇಟು ಕೈರಲ್ ಅಲ್ಲ. ಕೈರಲ್ ಲಿಗ್ಯಾಂಡ್ ಹೊತ್ತ ಲೋಹ ಬಂದು ಕೂತಾಗ ಮಾತ್ರ ಆ ಗುಂಪು ಒಂದು ಪಕ್ಕಕ್ಕೆ ವಾಲುತ್ತದೆ. ಲಿಗ್ಯಾಂಡು ಪ್ರತಿಕ್ರಿಯೆಯ ಜಾಗದಿಂದ ದೂರವಿದ್ದರೂ ಅದರ ಪ್ರಭಾವವನ್ನು ಈ ಗುಂಪು ಹತ್ತಿರಕ್ಕೆ ತಂದು ಮುಟ್ಟಿಸುತ್ತದೆ. ಡೀಲ್ಸ್-ಆಲ್ಡರ್ ಕ್ರಿಯೆಯಲ್ಲಿ ಲಿಗ್ಯಾಂಡನ್ನು ಬದಲಿಸದೆ ಈ ಗುಂಪನ್ನಷ್ಟೇ ದೊಡ್ಡದು ಮಾಡುತ್ತ ಹೋದಂತೆ ಆಯ್ಕೆ ಏರಿತು. ಟೆಂಪ್ಲೇಟು ಸುಮ್ಮನೆ ಕೂತ ವಸ್ತುವಲ್ಲ ಎನ್ನಲು ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಿಲ್ಲ. ಸಾಧಾರಣ ಲಿಗ್ಯಾಂಡೂ ಒಳ್ಳೆಯ ಫಲ ಕೊಡಬಲ್ಲದು ಎಂಬುದು ದೊಡ್ಡ ಧನಬಲವಿಲ್ಲದ ಪ್ರಯೋಗಾಲಯಗಳಿಗೆ ಮುಖ್ಯವಾದ ಮಾತು. ಇದೇ ಮಗುಚುವ ನೈಟ್ರೋಜನ್ನಿನ ಉಪಾಯವನ್ನು 2014ರಲ್ಲಿ ಡಿಎಂಎಪಿ ಕ್ರಿಯಾವರ್ಧಕದೊಳಗೇ ಸೇರಿಸಿ, ಅಕ್ಷೀಯ ಕೈರಲ್ ಬೈಆರೈಲುಗಳನ್ನು ಬೇರ್ಪಡಿಸಲು ಸಿಬಿ ತಂಡ ಬಳಸಿತು.

ಸಂಶ್ಲೇಷಣೆಯ ಪರೀಕ್ಷೆ ನೈಸರ್ಗಿಕ ವಸ್ತುಗಳ ಮೇಲೆ ಆಗಬೇಕು. 2002ರಲ್ಲಿ ಅವರು ರಾಡಿಕಲ್ ಜೋಡಣೆಯಿಂದ ಕಟ್ಟಿದ ಬ್ಯುಟಿರೊಲ್ಯಾಕ್ಟೋನುಗಳಲ್ಲಿ ಎಂಟೆರೊಲ್ಯಾಕ್ಟೋನ್ ಒಂದು. ಇದು ನಮಗೆ ಪರಕೀಯ ವಸ್ತುವಲ್ಲ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಬಾಲಗಾಂವದಿಂದ ವಿಜಯಪುರದವರೆಗಿನ ಜೋಳದ ಸೀಮೆಯಲ್ಲಿ ರೊಟ್ಟಿಯ ಜೊತೆ ಅಗಸಿ ಚಟ್ನಿ ಹೊಸತಲ್ಲ. ಅಗಸಿಯ ಲಿಗ್ನ್ಯಾನನ್ನು ಕರುಳಿನ ಬ್ಯಾಕ್ಟೀರಿಯಾಗಳು ಒಡೆದು ಮಾಡುವುದೇ ಎಂಟೆರೊಲ್ಯಾಕ್ಟೋನ್. 1980ರಲ್ಲಿ ಇದನ್ನು ಮನುಷ್ಯರ ಮೂತ್ರದಲ್ಲಿ ಗುರುತಿಸಲಾಯಿತು. ಅಮೆರಿಕದಲ್ಲಿ ಅತಿ ಹೆಚ್ಚು ಅಗಸಿ ಬೆಳೆಯುವ ರಾಜ್ಯ ನಾರ್ತ್ ಡಕೋಟವೇ.  ಎಂಟೆರೊಲ್ಯಾಕ್ಟೋನಿನ ಸಂಶ್ಲೇಷಣೆಯಲ್ಲಿ ಸಿಬಿಯವರು ಬಳಸಿದ್ದು ಕೈರಲ್ ಅಲ್ಲದ ಟೆಂಪ್ಲೇಟನ್ನಲ್ಲ, ಡೈಫೀನೈಲ್‌ಮೀಥೈಲ್ ಹೊತ್ತ ಕೈರಲ್ ಆಕ್ಸಜೋಲಿಡಿನೋನನ್ನು. ದಿಕ್ಕು ಕೊಡುವ ಹೊಣೆ ಇಲ್ಲಿ ಆ ಸಹಾಯಕ ತುಣುಕಿನದೇ; ಲ್ಯಾಂಥನೈಡ್ ಲೂಯಿಸ್ ಆಮ್ಲ ಅದನ್ನು ಬಿಗಿಯಾಗಿ ಹಿಡಿದು ನಿಲ್ಲಿಸುತ್ತದೆ. ನನ್ನ ವಾದಕ್ಕೆ ಇದು ಪೂರ್ತಿ ಹೊಂದುವುದಿಲ್ಲ, ಆದರೆ ವಿರುದ್ಧವೂ ಅಲ್ಲ.

ಕೊರತೆಗಳನ್ನು ಮುಚ್ಚಿಡುವಂತಿಲ್ಲ. ಟಿನ್ ಸಂಯುಕ್ತಗಳು ವಿಷ, ಉತ್ಪನ್ನದಿಂದ ಅವನ್ನು ಪೂರ್ತಿ ತೆಗೆಯುವುದು ಕಷ್ಟ. ಹಲವು ಪ್ರಯೋಗಗಳಲ್ಲಿ ಕ್ರಿಯಾವರ್ಧಕ 30 ಮೋಲ್ ಪ್ರತಿಶತದಷ್ಟು ಬೇಕಾಯಿತು. ಕೈಗಾರಿಕೆಗೆ ಇದು ದುಬಾರಿ. ಫಿಲಿಪ್ ರೆನೊ ಅವರ ಜೊತೆ ಸಿಬಿ ಸಂಪಾದಿಸಿದ ರಾಡಿಕಲ್ ಸಂಶ್ಲೇಷಣೆಯ ಎರಡು ಸಂಪುಟಗಳು 2001ರಲ್ಲಿ ಬಂದಾಗಲೂ ಈ ತೊಂದರೆ ಪರಿಹಾರವಾಗಿರಲಿಲ್ಲ. ಸಿಬಿಯವರೇ ಮುಂದೆ ಬೇರೆ ದಿಕ್ಕಿಗೂ ಹೊರಳಿ, ಡೀನ್ ವೆಬ್‌ಸ್ಟರ್ ಮತ್ತು ಶಿವಗುರು ಅವರ ಜೊತೆ ಹಣ್ಣುಸಕ್ಕರೆಯಿಂದ ಬರುವ ಮೂಲವಸ್ತುಗಳ ಪಾಲಿಮರ್ ಮಾಡಿದರು. 350 ನ್ಯಾನೊಮೀಟರ್ ಬೆಳಕಿನಲ್ಲಿ ಅದು ಒಡೆದು ಮತ್ತೆ ಬಳಸಬಹುದಾದ ಮೂಲವಸ್ತುವನ್ನು ಕೊಡುತ್ತದೆ.

ಟಿನ್ನಿನ ಸಮಸ್ಯೆಯನ್ನು ಬಿಡಿಸಿದವರು ದೃಶ್ಯಬೆಳಕಿನ ಫೋಟೊರೆಡಾಕ್ಸ್ ರಸಾಯನದವರು. 2016ರಲ್ಲಿ ಜರ್ಮನಿಯ ಎರಿಕ್ ಮೆಗ್ಗರ್ಸ್ ತಂಡ ಆಲ್ಕೈಲ್ ಟ್ರೈಫ್ಲೋರೊಬೋರೇಟುಗಳಿಂದ ಬೆಳಕಿನ ಸಹಾಯದಲ್ಲಿ ರಾಡಿಕಲ್ ಹುಟ್ಟಿಸಿ, ಕೈರಲ್ ರೋಡಿಯಂ ಸಂಕೀರ್ಣದಿಂದ ಅದಕ್ಕೆ ದಿಕ್ಕು ಕೊಟ್ಟಿತು. ಟಿನ್ ಹೋಯಿತು, ಬೋರೇನ್ ಹೋಯಿತು, ಮೆಗ್ನೀಸಿಯಂ ಹೋಯಿತು, ಬಿಸ್‌ಆಕ್ಸಜೋಲಿನ್ ಕೂಡ ಹೋಯಿತು. ರಾಡಿಕಲ್ಲನ್ನು ಬರಮಾಡಿಕೊಳ್ಳುವ ಅಣುಗಳಲ್ಲಿ ಲೋಹವನ್ನು ಹಿಡಿಯಲು ಅವರು ಜೋಡಿಸಿದ ತುಣುಕುಗಳ ಪೈಕಿ ಒಂದು ಪೈರಜೋಲ್.