ಆಶ್ರಯ ಕೊಟ್ಟ ಪ್ರಸ್ಥಭೂಮಿ

1940ರ ಜೂನ್ 22ರಂದು ಫ್ರಾನ್ಸ್ ದೇಶವು ಜರ್ಮನಿಗೆ ಮಣಿದು ಕದನವಿರಾಮಕ್ಕೆ ಸಹಿ ಹಾಕಿತು. ಮರುದಿನ ಭಾನುವಾರ. ಸುಮಾರು ಸಾವಿರ ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿ, ಪೈನ್ ಕಾಡುಗಳ ನಡುವೆ ಇರುವ ಲ ಶಾಂಬೋಂ ಎಂಬ ಊರಿನ ಪ್ರೊಟೆಸ್ಟೆಂಟ್ ಚರ್ಚಿನಲ್ಲಿ ಜನರು ಎಂದಿನಂತೆ ಆರಾಧನೆಗೆ ಸೇರಿದರು. ರಾಜಧಾನಿ ಬಿದ್ದಿತ್ತು, ಸೈನ್ಯ ಚದುರಿತ್ತು, ಅಧಿಕಾರ ಮುದುಕ ಮಾರ್ಷಲ್ ಪೆತೇನನ ಕೈ ಸೇರಿತ್ತು. ಸಭಾಪಾಲಕರಾದ ಆಂದ್ರೆ ತ್ರೋಕ್ಮೆ ಮತ್ತು ಅವರ ಜೊತೆಗಾರ ಎದ್ವಾರ್ ತೈಸ್ ಆ ದಿನ ಸೇರಿ ಬರೆದ ಪ್ರಸಂಗ ಮೊದಲು ಪಶ್ಚಾತ್ತಾಪಕ್ಕೆ ಕರೆ ಕೊಟ್ಟಿತು. ಬಳಿಕ, ಆಳುವವರು ಸುವಾರ್ತೆಗೆ ವಿರುದ್ಧವಾದುದನ್ನು ಕೇಳಿದರೆ ಆತ್ಮದ ಆಯುಧಗಳಿಂದಲೇ ಅವರನ್ನು ಎದುರಿಸಬೇಕು, ಆ ಎದುರಿಕೆಯಲ್ಲಿ ಭಯವಾಗಲಿ ಗರ್ವವಾಗಲಿ ದ್ವೇಷವಾಗಲಿ ಇರಬಾರದು ಎಂದು ಹೇಳಿತು. ಸೋತ ದೇಶದಲ್ಲಿ, ಸೋತ ಮರುದಿನವೇ ಇಂಥ ಮಾತನ್ನಾಡುವುದಕ್ಕೆ ಎಂಥ ಎದೆ ಬೇಕು!

ಆ ಮಾತು ಬೀಜವಾದರೆ, ಬಿದ್ದ ನೆಲ ಇನ್ನೂರೈವತ್ತು ವರ್ಷಗಳಿಂದ ಹದಗೊಂಡಿತ್ತು. ಅಲ್ಲಿನ ರೈತರು ಫ್ರಾನ್ಸಿನ ಹಳೆಯ ಪ್ರೊಟೆಸ್ಟೆಂಟರಾದ ಹ್ಯೂಗನಾಟರ ಸಂತತಿ. 1598ರಲ್ಲಿ ನಾಂತ್ ಶಾಸನದಿಂದ ದೊರೆತಿದ್ದ ಆರಾಧನೆಯ ಹಕ್ಕನ್ನು 1685ರಲ್ಲಿ ಹದಿನಾಲ್ಕನೆಯ ಲೂಯಿ ರದ್ದುಪಡಿಸಿದ. ಚರ್ಚುಗಳು ಉರುಳಿದವು. ಬೋಧಕರಿಗೆ ಗಲ್ಲು, ಗಂಡಸರಿಗೆ ಹಡಗುಗಳಲ್ಲಿ ಹುಟ್ಟು ಹಾಕುವ ಶಿಕ್ಷೆ, ಹೆಂಗಸರಿಗೆ ಸೆರೆ. ನೂರು ವರ್ಷಗಳ ಕಾಲ ಈ ಜನ ಕಣಿವೆಗಳಲ್ಲಿ, ಗುಹೆಗಳಲ್ಲಿ ಕಾವಲಿಟ್ಟುಕೊಂಡು ದೇವರನ್ನು ಆರಾಧಿಸಿದರು; ಸೈನಿಕರು ಬಂದರೆ ಮಡಚಿ ಒಯ್ಯಲು ಬರುವಂಥ ಪೀಠಗಳನ್ನು ಮಾಡಿಕೊಂಡಿದ್ದರು. ಪಕ್ಕದ ವಿವಾರೆ ಸೀಮೆಯ ಮರಿ ದ್ಯುರಾಂ ಎಂಬ ತರುಣಿಯನ್ನು 1730ರಲ್ಲಿ ಸಮುದ್ರತೀರದ ಏಗ್‌ಮೋರ್ತ್ ಪಟ್ಟಣದ ಗೋಪುರದಲ್ಲಿ ಕೂಡಿಹಾಕಿದರು. ಬೋಧಕನಾಗಿದ್ದ ಅವಳ ಅಣ್ಣನನ್ನು 1732ರಲ್ಲಿ ಗಲ್ಲಿಗೇರಿಸಿದರು. ನಂಬಿಕೆಯನ್ನು ಬಿಟ್ಟೆನೆಂದು ಒಂದು ಮಾತು ಹೇಳಿದ್ದರೆ ಬಾಗಿಲು ತೆರೆಯುತ್ತಿತ್ತು. ಅವಳು ಹೇಳಲಿಲ್ಲ. ಹೊರಬಂದದ್ದು 1768ರಲ್ಲಿ, ಮೂವತ್ತೆಂಟು ವರ್ಷಗಳ ಮೇಲೆ.

ಈ ಕಥೆಗಳನ್ನು ಅಲ್ಲಿನ ಮಕ್ಕಳು ಪುಸ್ತಕ ಓದಿ ಕಲಿತವರಲ್ಲ. ಒಲೆಯ ಮುಂದೆ ಅಜ್ಜಿಯರ ಬಾಯಿಂದ ಕೇಳಿದವರು. ಓಡಿಬಂದವನು ಬಾಗಿಲು ತಟ್ಟಿದಾಗ ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತ್ರೋಕ್ಮೆಯವರ ಹಿರಿಮೆಯನ್ನು ಬರೆಯುವವರು ಇದನ್ನು ಮರೆಯಬಾರದು.

ತ್ರೋಕ್ಮೆಯವರೂ ಯುದ್ಧದ ಬೇಗೆಯಲ್ಲಿ ಬೆಂದವರೇ. 1901ರಲ್ಲಿ ಉತ್ತರದ ಸೇಂಟ್ ಕಾಂತಾಂ ಪಟ್ಟಣದಲ್ಲಿ ಹುಟ್ಟಿದರು. ತಂದೆ ಫ್ರೆಂಚರು, ತಾಯಿ ಜರ್ಮನ್ ಮೂಲದವರು. ಮೊದಲ ಮಹಾಯುದ್ಧದಲ್ಲಿ ಆ ಪಟ್ಟಣ ಜರ್ಮನರ ವಶದಲ್ಲಿದ್ದಾಗ ಹುಡುಗ ಆಂದ್ರೆ ನಿರಾಶ್ರಿತನಾಗಿ ಬೆಲ್ಜಿಯಂ ಸೇರಿದ, ಹಸಿವನ್ನು ಕಂಡ. ಆ ದಿನಗಳಲ್ಲೇ ಒಬ್ಬ ಜರ್ಮನ್ ಸೈನಿಕ ಅವನಿಗೆ ರೊಟ್ಟಿ ನೀಡಿ, ಕ್ರಿಸ್ತನ ನಿಮಿತ್ತ ತಾನು ಆಯುಧ ಹಿಡಿಯುವುದಿಲ್ಲ ಎಂದಿದ್ದ. ಶತ್ರುವಿನ ಸಮವಸ್ತ್ರದೊಳಗೊಬ್ಬ ಸಹೋದರನಿದ್ದಾನೆಂಬ ಅರಿವು ಅಂದು ಹುಟ್ಟಿದ್ದು ಮುಂದೆಂದೂ ಅವರನ್ನು ಬಿಡಲಿಲ್ಲ. ಬೋಧಕರಾದ ಮೇಲೂ ಅಹಿಂಸೆಯ ಪಕ್ಷ ಹಿಡಿದದ್ದರಿಂದ ಸಭೆಯ ಹಿರಿಯರಿಗೆ ಅವರು ಅಷ್ಟಾಗಿ ಹಿಡಿಸಲಿಲ್ಲ. 1934ರಲ್ಲಿ ದೂರದ ಲ ಶಾಂಬೋಂಗೆ ಬಂದರು. ಜೊತೆಗೆ ಇಟಲಿಯಲ್ಲಿ ಹುಟ್ಟಿದ ಮಡದಿ ಮಾಗ್ದಾ, ನಾಲ್ವರು ಮಕ್ಕಳು.

ಸೋಲಿನ ವರ್ಷದ ಚಳಿಗಾಲದಲ್ಲಿ, ಹಿಮ ಸುರಿಯುತ್ತಿದ್ದ ಒಂದು ಸಂಜೆ, ಜರ್ಮನಿಯಿಂದ ತಪ್ಪಿಸಿಕೊಂಡು ಬಂದಿದ್ದ ಯೆಹೂದಿ ಹೆಂಗಸೊಬ್ಬಳು ಅವರ ಮನೆಯ ಬಾಗಿಲು ತಟ್ಟಿದಳು. ಮಾಗ್ದಾ ಅವಳನ್ನು ಒಳಗೆ ಕರೆದು ಒಲೆಯ ಬಳಿ ಕೂರಿಸಿದರು. ಮುಂದೆ ಜನ ಬರುತ್ತಲೇ ಇದ್ದರು. ಗೂರ್ಸ್, ರಿವ್‌ಸಾಲ್ತ್ ಮೊದಲಾದ ಸೆರೆಶಿಬಿರಗಳಿಂದ ಬಿಡಿಸಿ ತಂದ ಮಕ್ಕಳನ್ನು ಇರಿಸಲು ಒಂದು ಊರು ಬೇಕೆಂದು ಕ್ವೇಕರ್ ಪಂಥದವರು ಕೇಳಿದಾಗ ತ್ರೋಕ್ಮೆ ಒಪ್ಪಿಕೊಂಡರು. ಅವರ ಮನಸ್ಸಿನಲ್ಲಿದ್ದದ್ದು ಧರ್ಮೋಪದೇಶಕಾಂಡದ ಆಶ್ರಯನಗರಗಳು: ನಿರಪರಾಧಿಯ ರಕ್ತ ಸುರಿದರೆ ಅದರ ದೋಷ ನಾಡಿನ ಮೇಲೆಯೇ ಬರುತ್ತದೆ ಎಂಬ ಆ ಹಳೆಯ ವಿಧಿ. ಹೊಲಮನೆಗಳಲ್ಲಿ, ವಸತಿಗೃಹಗಳಲ್ಲಿ, 1938ರಲ್ಲಿ ಅವರೂ ತೈಸರೂ ಕಟ್ಟಿದ್ದ ಶಾಲೆಯಲ್ಲಿ ಹೊಸ ಹೆಸರುಗಳ ಹೊಸ ಮಕ್ಕಳು ಕಾಣಿಸಿಕೊಂಡರು. ಕೇಳಿದವರಾರೂ ಇಲ್ಲ.

1942ರ ಜುಲೈಯಲ್ಲಿ ಪ್ಯಾರಿಸ್ ನಗರದಲ್ಲಿ ಹದಿಮೂರು ಸಾವಿರ ಯೆಹೂದಿಗಳನ್ನು ಫ್ರೆಂಚ್ ಪೊಲೀಸರೇ ಹಿಡಿದೊಯ್ದರು. ಮರುತಿಂಗಳು ಸರಕಾರದ ಯುವಜನ ಮುಖ್ಯಸ್ಥ ಲಮಿರಾಂ ಊರಿಗೆ ಬಂದಾಗ, ಶಾಲೆಯ ಹಿರಿಯ ವಿದ್ಯಾರ್ಥಿಗಳು ಆ ಕೃತ್ಯವನ್ನು ಖಂಡಿಸುವ ಪತ್ರವನ್ನು ಅವನ ಕೈಗಿತ್ತರು; ತಮ್ಮಲ್ಲಿ ಯೆಹೂದಿಗಳಿದ್ದಾರೆ, ಅವರನ್ನು ಒಪ್ಪಿಸುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ಕೆಲವೇ ದಿನಗಳಲ್ಲಿ ಪೊಲೀಸರು ಬಸ್ಸುಗಳೊಡನೆ ಬಂದರು. ಯೆಹೂದಿಗಳ ಪಟ್ಟಿ ಕೇಳಿದ್ದಕ್ಕೆ ತ್ರೋಕ್ಮೆ, ನಮಗೆ ಮನುಷ್ಯರು ಮಾತ್ರ ಗೊತ್ತು ಎಂದು ಉತ್ತರಿಸಿದರು. ಕಾಡೆಲ್ಲ ಜಾಲಾಡಿದರೂ ಬಸ್ಸುಗಳು ಹೆಚ್ಚುಕಡಿಮೆ ಬರಿದಾಗಿಯೇ ಹಿಂದಿರುಗಿದವು.

1943ರ ಫೆಬ್ರವರಿಯಲ್ಲಿ ತ್ರೋಕ್ಮೆ, ತೈಸ್ ಮತ್ತು ಊರಿನ ಸರಕಾರಿ ಶಾಲೆಯ ಮುಖ್ಯೋಪಾಧ್ಯಾಯ ದಾರ್ಸಿಸಾಕ್ ಬಂಧಿತರಾದರು. ಸುಮಾರು ಒಂದು ತಿಂಗಳ ಮೇಲೆ, ಮಾರ್ಷಲನಿಗೆ ವಿಧೇಯರಾಗಿರುವೆವೆಂಬ ಪತ್ರಕ್ಕೆ ಸಹಿ ಕೇಳಿದಾಗ ಇಬ್ಬರು ಬೋಧಕರೂ ನಿರಾಕರಿಸಿದರು, ಆದರೂ ಬಿಡುಗಡೆಯಾಯಿತು. ಅದೇ ವರ್ಷದ ಜೂನ್ 29ರಂದು ಜರ್ಮನರ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಒಂದು ವಿದ್ಯಾರ್ಥಿನಿಲಯದ ಮೇಲೆ ಎರಗಿತು. ಅದರ ಹೊಣೆ ಹೊತ್ತಿದ್ದ, ಆಂದ್ರೆಯವರ ಬಂಧು ದನಿಯೆಲ್ ತ್ರೋಕ್ಮೆಗೆ ತಪ್ಪಿಸಿಕೊಳ್ಳುವ ಅವಕಾಶವಿತ್ತು. ತನ್ನ ಹುಡುಗರನ್ನು ಬಿಟ್ಟು ಹೋಗಲಾರೆನೆಂದು ಅವರೊಡನೆಯೇ ಸೆರೆಯಾದರು. 1944ರ ಏಪ್ರಿಲ್‌ನಲ್ಲಿ ಮೈದಾನೆಕ್ ಶಿಬಿರದಲ್ಲಿ ತೀರಿಕೊಂಡರು.

ಈ ನಡುವೆ ಸಭಾಪಾಲಕ ಆಂದ್ರೆ ತ್ರೋಕ್ಮೆ ತಲೆಮರೆಸಿಕೊಳ್ಳಬೇಕಾಯಿತು, ಖೋಟಾ ಗುರುತುಪತ್ರ ಇಟ್ಟುಕೊಳ್ಳಬೇಕಾಯಿತು. ಸುಳ್ಳು ಅವರಿಗೆ ಸಾವಿಗಿಂತ ಭಾರ. ಊರಿನಲ್ಲಿ ಸುಳ್ಳು ಪಡಿತರ ಚೀಟಿಗಳು, ಸುಳ್ಳು ಹೆಸರುಗಳು ನೂರಾರು ಜೀವ ಉಳಿಸುತ್ತಿವೆಯೆಂದು ತಿಳಿದಿದ್ದರೂ ಆ ಮುಳ್ಳು ಒಳಗೆ ಚುಚ್ಚುತ್ತಲೇ ಇತ್ತು. ಲಿಯೋಂ ರೈಲುನಿಲ್ದಾಣದಲ್ಲಿ ಒಮ್ಮೆ ಮಗನೊಂದಿಗೆ ಜರ್ಮನರ ಕೈಗೆ ಸಿಕ್ಕಾಗ, ಹೆಸರು ಕೇಳಿದರೆ ನಿಜವನ್ನೇ ಹೇಳಿಬಿಡುವೆನೆಂದು ನಿಶ್ಚಯಿಸಿದರು. ಪ್ರಶ್ನೆ ಬರುವ ಮೊದಲೇ ಜನಜಂಗುಳಿಯಲ್ಲಿ ನುಸುಳಿ ಪಾರಾದರು. ನನಗೆ ಈ ತಳಮಳದಲ್ಲೇ ಅವರ ನಂಬಿಕೆಯ ಆಳ ಕಾಣುತ್ತದೆ. ಪರರ ಪ್ರಾಣಕ್ಕಾಗಿ ಕಟ್ಟಳೆ ಮೀರಿದವರು ಆ ಮೀರಿಕೆಯನ್ನೇ ಪುಣ್ಯವೆಂದು ಬಗೆದು ನೆಮ್ಮದಿಯಾಗಿ ಮಲಗಲಿಲ್ಲ.

ಫ್ರಾನ್ಸಿನ ಬಿಡುಗಡೆಯ ಬೇಸಿಗೆ ಅವರಿಗೆ ಸಂಭ್ರಮ ತರಲಿಲ್ಲ. 1944ರ ಆಗಸ್ಟಿನಲ್ಲಿ ಹಿರಿಯ ಮಗ ಜಾಂ ಪಿಯೇರ್ ಮನೆಯಲ್ಲೇ ಆಕಸ್ಮಿಕಕ್ಕೆ ಬಲಿಯಾದ. ಅದೇ ತಿಂಗಳು ಊರಿನ ವೈದ್ಯ ಲ ಫೊರೆಸ್ತಿಯೆಯನ್ನು ಜರ್ಮನರು ಲಿಯೋಂ ಬಳಿ ಕೊಂದರು.

ಪ್ರಸ್ಥಭೂಮಿಯಲ್ಲಿ ಉಳಿದ ಜೀವಗಳೆಷ್ಟು? ಐದು ಸಾವಿರವೆಂದು ಬಹುಕಾಲ ಹೇಳಿಕೊಂಡು ಬಂದಿದ್ದಾರೆ; ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅಡಗಿಸಿಟ್ಟವರು ಲೆಕ್ಕ ಬರೆದಿಡಲಿಲ್ಲ, ಬರೆದಿಟ್ಟಿದ್ದರೆ ಅದೇ ಮರಣಪತ್ರವಾಗುತ್ತಿತ್ತು.

1971ರಲ್ಲಿ ಇಸ್ರೇಲಿನ ಯಾದ್ ವಾಶೇಮ್ ಸಂಸ್ಥೆ ತ್ರೋಕ್ಮೆಯವರನ್ನು ಗೌರವಿಸಲು ಮುಂದಾಯಿತು. ತನಗೊಬ್ಬನಿಗೇ ಏಕೆ, ತನಗಿಂತ ಹೆಚ್ಚು ಮಾಡಿದ ಬಡ ರೈತರಿಗೇಕಿಲ್ಲ, ಮಡದಿಗೇಕಿಲ್ಲ, ತೈಸರಿಗೇಕಿಲ್ಲ ಎಂದು ಅವರು ಕೇಳಿದರು. ಆ ಜೂನ್‌ನಲ್ಲೇ ಜಿನೀವಾದಲ್ಲಿ ಅವರು ತೀರಿಕೊಂಡರು. ಮಾಗ್ದಾ ಮತ್ತು ತೈಸರಿಗೆ ಆ ಗೌರವ ಸಂದದ್ದು ನಂತರದ ವರ್ಷಗಳಲ್ಲಿ. 1990ರಲ್ಲಿ ಲ ಶಾಂಬೋಂ ಮತ್ತು ಸುತ್ತಲಿನ ಹಳ್ಳಿಗಳ ಜನರೆಲ್ಲರನ್ನೂ ಒಟ್ಟಾಗಿ ಗೌರವಿಸಲಾಯಿತು.